ಉಪ್ಪಿನಾಗರದ ಕೆಂಪು ಜೀವಿಗಳಿಗೆ, ಮಕ್ತಲ್‌ನಿಂದ ಒಂದು ಬಹಿರಂಗ ಪತ್ರ

ಕಣ್ಣಿಗೆ ಕಾಣದ ಹಿರಿಯರೇ,

ನಾನು ಮಕ್ತಲ್ ಕಡೆಯ ಕನ್ನಡ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಹೇಳಿಕೊಟ್ಟವಳು. ನಿಮ್ಮ ವಿಷಯದಲ್ಲಿ ಮಕ್ಕಳಿಗೆ ತಪ್ಪು ಪಾಠ ಹೇಳಿದ್ದೇನೆ. ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲೆಂದೇ ಈ ಪತ್ರ.

ಮಾವಿನ ಉಪ್ಪಿನಕಾಯಿ ವರ್ಷವಾದರೂ ಯಾಕೆ ಕೆಡುವುದಿಲ್ಲ ಎಂದು ಕೇಳಿ, ಉತ್ತರವನ್ನೂ ನಾನೇ ಹೇಳುತ್ತಿದ್ದೆ: ಉಪ್ಪು ಸೂಕ್ಷ್ಮಜೀವಿಗಳ ಮೈಯೊಳಗಿನ ನೀರು ಹೀರುತ್ತದೆ, ಹೆಚ್ಚು ಉಪ್ಪಿದ್ದಲ್ಲಿ ಏನೂ ಬದುಕಲಾರದು. ಒಂದು ದಿನ ಒಬ್ಬ ಹುಡುಗಿ ಹಳೇ ಪೇಪರಿನಲ್ಲಿ ಒಂದು ತುಂಡು ಒಣಮೀನು ಸುತ್ತಿಕೊಂಡು ಬಂದಳು. ಅವಳ ತಾಯಿ ಸಂತೆಯಲ್ಲಿ ಒಣಮೀನು ಮಾರುತ್ತಿದ್ದರು. ಮೀನಿನ ಮೇಲೆ ಕಟ್ಟಿದ ಉಪ್ಪಿನ ಪದರ ಅಲ್ಲಲ್ಲಿ, ಕುಂಕುಮ ತೊಳೆದ ನೀರು ಚೆಲ್ಲಿದ ಹಾಗೆ, ನಸುಗೆಂಪಾಗಿತ್ತು. "ಟೀಚರ್, ಉಪ್ಪಿನಾಗ ಏನೂ ಬದುಕಲ್ಲ ಅಂದ್ರಲ್ರಿ, ಮತ್ತ ಇದೇನ್ರಿ?" ಎಲ್ಲಿಯದೋ ಬಣ್ಣ ಹತ್ತಿರಬೇಕು ಅಂದೆ. ಅದು ಬಣ್ಣವಲ್ಲ, ನೀವು. ನಿಮ್ಮನ್ನು ವಿಜ್ಞಾನಿಗಳು ಮೊದಲು ಹುಡುಕಿದ್ದೂ ಉಪ್ಪು ಹಾಕಿದ ಮೀನು ಮತ್ತು ತೊಗಲು ಕೆಂಪಾಗಿ ಕೆಟ್ಟಾಗಲೇ. ಹುಡುಗಿಯ ಕಣ್ಣು ಸರಿಯಾಗಿತ್ತು.

ನಿವೃತ್ತಿಯ ನಂತರ ಗೋಕರ್ಣಕ್ಕೆ ಹೋದವಳು ಹತ್ತಿರದ ಸಾಣಿಕಟ್ಟಾಕ್ಕೂ ಹೋದೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಭರತದ ನೀರನ್ನು ಕಟ್ಟಿಹಾಕಿ ಬಿಸಿಲಿಗೆ ಒಣಗಿಸುವ ಆಗರಗಳವು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಉಪ್ಪು ಹರಳುಗಟ್ಟುವ ಹೊತ್ತಿಗೆ ನೀರು ಅದರ ಸುಮಾರು ಹತ್ತು ಪಟ್ಟು ಗಟ್ಟಿಯಾಗಿರುತ್ತದೆ. ಅಷ್ಟರೊಳಗೆ ಆಗರದ ನಿವಾಸಿಗಳು ಒಬ್ಬರಾದ ಮೇಲೊಬ್ಬರು ಬದಲಾಗಿರುತ್ತಾರೆ. ಮೊದಲ ಮಡಿಗಳ ತಳದಲ್ಲಿ ಹಸಿರು ಚಾಪೆಯಂತೆ ಹಬ್ಬುವ ಸಯನೊಬ್ಯಾಕ್ಟೀರಿಯಾ, ಆಮೇಲೆ ಡುನಾಲಿಯೆಲ್ಲಾ ಎಂಬ ಪಾಚಿ, ಕೊನೆಯ ಮಡಿಯಲ್ಲಿ ನೀವು. ಡುನಾಲಿಯೆಲ್ಲಾ ತನ್ನ ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಉಪ್ಪನ್ನು ಎದುರಿಸುತ್ತದೆ, ಬಿಸಿಲು ಹೆಚ್ಚಾದರೆ ಕ್ಯಾರೊಟಿನ್ ತುಂಬಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೀವು ಹಾಗಲ್ಲ. ಪೊಟ್ಯಾಸಿಯಂ ಉಪ್ಪನ್ನೇ ಮೈತುಂಬ ತುಂಬಿಕೊಂಡು, ಹೊರಗೆ ಎಷ್ಟೋ ಒಳಗೂ ಅಷ್ಟೇ ಎಂದು ಬದುಕುತ್ತೀರಿ. ನಮ್ಮನ್ನು ಕೊಲ್ಲುವ ಉಪ್ಪು ನಿಮಗೆ ಮನೆಯ ಗೋಡೆ. ಸಿಹಿನೀರು ಬಿದ್ದರೆ ನಿಮ್ಮ ಮೈ ಒಡೆದುಹೋಗುತ್ತದೆ.

ಆಗರದ ಮಹಿಳೆಯರು ಉಪ್ಪು ಎಳೆದು ಗುಡ್ಡೆ ಹಾಕುತ್ತಿದ್ದರು. ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಕೂತು ಬೆಳ್ಳಗಾಗಿತ್ತು. ಆ ಕಾಲುಗಳನ್ನು ಕಂಡ ಮೇಲೆ ಉಪ್ಪು ಅಗ್ಗದ ವಸ್ತು ಅಂತ ನನ್ನ ಬಾಯಲ್ಲಿ ಬಂದಿಲ್ಲ. ಆದರೆ ಆ ಬೆಳೆಗೆ ನೀವೂ ದುಡಿಯುತ್ತೀರಿ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ನಿಮ್ಮ ಕೆಂಪು ಬಿಸಿಲನ್ನು ಹಿಡಿಯುತ್ತದೆ, ನೀರು ಕಾಯುತ್ತದೆ, ಬೇಗ ಆರುತ್ತದೆ. ನೀರು ಕೆಂಪಾಯಿತೆಂದರೆ ಕೆಟ್ಟಿತೆಂದಲ್ಲ, ಉಪ್ಪು ಹತ್ತಿರ ಬಂತೆಂದು.

ನಿಮ್ಮಲ್ಲೊಬ್ಬರ ಪೊರೆಯಲ್ಲಿ ನೇರಳೆ ಬಣ್ಣದ ಪ್ರೋಟೀನು ಇದೆ ಎಂದು 1971ರಲ್ಲಿ ವಿಜ್ಞಾನಿಗಳಾದ ಓಸ್ಟರ್‌ಹೆಲ್ಟ್, ಸ್ಟೊಕೆನಿಯಸ್ ತೋರಿಸಿಕೊಟ್ಟರು. ಹಸಿರೆಲೆಯ ಹಂಗಿಲ್ಲದೆ ಬೆಳಕಿನಿಂದಲೇ ಶಕ್ತಿ ಪಡೆಯುವ ಪ್ರೋಟೀನು ಅದು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಆರ್ಕಿಯಾ ಎಂಬ ಬೇರೆ ವಂಶವನ್ನೇ ಗುರುತಿಸಿದರು. ಆಮೇಲೆ ನೀವೂ ಅದೇ ವಂಶದವರೆಂದು ಗೊತ್ತಾಯಿತು. 1980ರಲ್ಲಿ ವಾಲ್ಸ್‌ಬಿ ಸಿನಾಯ್‌ನ ಉಪ್ಪುನೀರಿನಲ್ಲಿ ಕಂಡ ನಿಮ್ಮವರೊಬ್ಬರು ಅಂಚೆಚೀಟಿಯ ಹಾಗೆ ಚಪ್ಪಟೆ, ಚೌಕ. ಇಷ್ಟೆಲ್ಲ ತಿಳಿದ ಕಾಲದಲ್ಲೂ ನಾನು "ಏನೂ ಬದುಕಲಾರದು" ಎಂದೇ ಬೋರ್ಡಿನ ಮೇಲೆ ಬರೆಸಿದೆ.

ನಮ್ಮ ಸೀಮೆಗೆ ನೀವು ಹೊರಗಿನವರೇನಲ್ಲ. ನಮ್ಮ ಪಕ್ಕದ ಗದ್ವಾಲ ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ. ಬೇಸಿಗೆಯಲ್ಲಿ ಅಲ್ಲಿಯ ತಗ್ಗಿನ ಹೊಲಗಳಲ್ಲಿ ಸವಳು ಬೆಳ್ಳಗೆ ಮೇಲೇಳುತ್ತದೆ. ದಖ್ಖನದ ಉಪ್ಪಾರರು ಇಂಥ ಮಣ್ಣನ್ನೇ ಕೆರೆದು, ನೀರು ಹೊಯ್ದು, ಬಸಿದ ನೀರನ್ನು ಗಾರೆ ಬಳಿದ ಮಡಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಅತ್ತ ಬಳ್ಳಾರಿ ಸೀಮೆಯಲ್ಲಿ ಬ್ರಿಟಿಷರ ಉಪ್ಪಿನ ಕಾನೂನು ಆ ಕಸುಬಿನ ಕತ್ತು ಹಿಸುಕಿತು. ಉಪ್ಪು ತೆಗೆದ ಕೈಗಳು ಕೆರೆ ತೋಡುವುದಕ್ಕೆ, ಗೋಡೆ ಕಟ್ಟುವುದಕ್ಕೆ ತಿರುಗಿದವು. ಸವಳು ನೆಲದಲ್ಲೂ ನಿಮ್ಮ ಬಳಗ ಬದುಕುತ್ತದೆ. ಬೆಳೆ ಬಾರದ ಆ ನೆಲವನ್ನು ಸತ್ತ ನೆಲ ಅನ್ನುತ್ತೇವೆ. ರೈತನ ಸಂಕಟ ನನಗೆ ಗೊತ್ತು, ಆದರೂ ಸತ್ತದ್ದು ಎಂಬ ಮಾತನ್ನು ಇನ್ನು ನಾನು ಆಡಲಾರೆ.

ಒಂದು ಸಂಗತಿ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಮಳೆಗಾಲದಲ್ಲಿ ಕರಾವಳಿಯ ಆಗರಗಳೆಲ್ಲ ಸಿಹಿನೀರಿನಲ್ಲಿ ಮುಳುಗುತ್ತವೆ. ಮತ್ತೆ ಬೇಸಿಗೆಗೆ ನೀವು ಎಲ್ಲಿಂದ ಬರುತ್ತೀರಿ? ಹರಳುಗಟ್ಟುವಾಗ ಉಪ್ಪು ತನ್ನೊಳಗೆ ಹನಿ ನೀರನ್ನು ಸೆರೆಹಿಡಿಯುತ್ತದೆ, ಆ ಹನಿಯೊಳಗೆ ನಿಮ್ಮವರು ಬಹುಕಾಲ ಜೀವ ಹಿಡಿದಿರಬಲ್ಲರು ಎಂದು ಓದಿದ್ದೇನೆ.

ಆ ಹುಡುಗಿ ಈಗ ನಾರಾಯಣಪೇಟೆಯಲ್ಲಿ ಸೀರೆ ನೇಯುವವರ ಮನೆಯ ಸೊಸೆ. ಸಾಣಿಕಟ್ಟಾದಿಂದ ತಂದ ಹರಳುಪ್ಪನ್ನು ಅವಳಿಗೆ ಒಯ್ದು ಕೊಟ್ಟೆ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಲ್ಲ, ನೆಲದ ಮೇಲಿಟ್ಟೆ. ಅವಳು ದೊಡ್ಡದೊಂದು ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಸಾಸಿವೆಗಿಂತ ಚಿಕ್ಕದೊಂದು ಗುಳ್ಳೆ, ಹರಳು ತಿರುಗಿಸಿದರೆ ಅಲುಗುತ್ತಿತ್ತು.

"ಇದರಾಗ ಅದಾವೇನ್ರಿ, ಟೀಚರ್?"

"ಇರಬಹುದವ್ವ," ಅಂದೆ.

ನಿಮ್ಮ ಉಪ್ಪು ಉಂಡ,
ಮಕ್ತಲ್‌ನ ಒಬ್ಬ ಶಿಕ್ಷಕಿ