ವೇದಿಕಾಶಾಸ್ತ್ರ ಪ್ರವೇಶಿಕೆ: ರಟ್ಟೀಹಳ್ಳಿ ಸೀಮೆಯ ಕೃಷಿ ಸಮಾವೇಶಗಳ ಲಕ್ಷಣವಿಚಾರ

ಕೃಷಿ ಸಮಾವೇಶವೆಂದರೆ ಬೆಳೆ ಬೆಳೆಯುವವರನ್ನು ಶಾಮಿಯಾನದ ನೆರಳಿನಲ್ಲಿ ಕೂರಿಸಿ, ಬೆಳೆಯದವರು ಅವರಿಗೆ ಬೆಳೆಯ ವಿಚಾರವನ್ನು ವಿಸ್ತಾರವಾಗಿ ತಿಳಿಯಹೇಳಿ, ಬೆಲೆಯ ವಿಚಾರ ಬರುವ ಹೊತ್ತಿಗೆ ಉಭಯ ಪಕ್ಷದವರೂ ಊಟಕ್ಕೆ ಏಳುವ ಒಂದು ವಿಧಿಬದ್ಧ ಕ್ರಿಯೆ. ಈ ಕ್ರಿಯೆಯ ಅಂಗೋಪಾಂಗಗಳನ್ನು ವಿವೇಚಿಸುವ ವಿದ್ಯೆಗೆ ವೇದಿಕಾಶಾಸ್ತ್ರವೆಂದು ಹೆಸರು. ಯಾವ ಲಕ್ಷಣವಾಕ್ಯವೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ನೈಯಾಯಿಕರು ವಿಧಿಸಿರುವುದರಿಂದ ಅವುಗಳ ಪರಿಹಾರ ಮೊದಲು ಆಗಬೇಕು. ಹೇಳಬೇಕಾದ ವಸ್ತುವಿನ ಒಂದು ಭಾಗಕ್ಕೆ ಲಕ್ಷಣವು ಹೊಂದದಿದ್ದರೆ ಅವ್ಯಾಪ್ತಿ. ಆದರೆ ಊಟವಿಲ್ಲದ ಸಮಾವೇಶ ಈ ಸೀಮೆಯಲ್ಲಿ ಯಾರ ಗಮನಕ್ಕೂ ಬಂದಿಲ್ಲವಾದ್ದರಿಂದ ಆ ಭಯವಿಲ್ಲ. ಎಲ್ಲಿಯೂ ಹೊಂದದಿದ್ದರೆ ಅಸಂಭವ; ಅದನ್ನು ಚರ್ಚಿಸುವ ಅಗತ್ಯವೇ ಇಲ್ಲ. ಬೇರೆ ವಸ್ತುವಿಗೂ ಹೊಂದಿಬಿಟ್ಟರೆ ಅತಿವ್ಯಾಪ್ತಿ, ಮತ್ತು ಕುತ್ತು ಇರುವುದು ಇಲ್ಲಿಯೇ: 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿಯೂ ಶಾಮಿಯಾನವಿತ್ತು, ಗೋಷ್ಠಿಗಳಿದ್ದವು, ಊಟಕ್ಕೆ ಏಳುವುದೂ ಇತ್ತು. ಆದರೆ ಸಾಹಿತ್ಯ ಸಮ್ಮೇಳನದಲ್ಲಿ ಬೆಳೆಯುವವರು ವೇದಿಕೆಯ ಮೇಲೆಯೂ ಕೆಳಗೆಯೂ ಸಮಾನವಾಗಿ ಹರಡಿಕೊಂಡಿರುತ್ತಾರೆ, ಮತ್ತು ಪುಸ್ತಕದ ಮಳಿಗೆಯಲ್ಲಿ ಬೆಲೆಯನ್ನು ಬೆನ್ನುಪುಟದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಆದಕಾರಣ ಲಕ್ಷಣವು ನಿರ್ದುಷ್ಟವಾಗಿದೆ.

ಅಧ್ಯಯನಕ್ಷೇತ್ರವು ಕುಮುದ್ವತಿ ನದಿಯ ದಡದ ರಟ್ಟೀಹಳ್ಳಿ. ಇದು ಬಹುಕಾಲ ಹಿರೇಕೆರೂರು ತಾಲೂಕಿಗೆ ಸೇರಿದ್ದು ಇತ್ತೀಚೆಗೆ ಸ್ವತಂತ್ರ ತಾಲೂಕಾಗಿದೆ. ಹೊಸ ತಾಲೂಕೆಂದರೆ ಹೊಸ ಕಚೇರಿಗಳು, ಹೊಸ ಕಚೇರಿಗಳೆಂದರೆ ಹೊಸ ಉದ್ಘಾಟನೆಗಳು ಎಂಬುದರಿಂದ ಈ ಶಾಸ್ತ್ರದ ಅಭ್ಯಾಸಿಗೆ ಇದಕ್ಕಿಂತ ಫಲವತ್ತಾದ ನೆಲ ಸಿಗುವುದು ಕಷ್ಟ. ಹೋಲಿಕೆಗಾಗಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಇತರ ಭಾಗಗಳನ್ನೂ ಗಮನಿಸಲಾಗಿದ್ದು, ಅವುಗಳಲ್ಲಿ ಹಾನಗಲ್ಲು ಭತ್ತ ಮತ್ತು ಮಾವಿಗೆ, ಸವಣೂರು ವೀಳ್ಯದೆಲೆ ಮತ್ತು ಖಾರಕ್ಕೆ ಹೆಸರಾಗಿವೆ. ಈ ಖಾರವು ಸಮಾವೇಶದ ಚಹಾವಿರಾಮದಲ್ಲಿ ಕಾಗದದ ತಟ್ಟೆಯ ಮೇಲೆ ಪ್ರತ್ಯಕ್ಷವಾಗುವುದುಂಟು, ಮತ್ತು ಇಡೀ ದಿನದ ಕಲಾಪದಲ್ಲಿ ಸ್ಥಳೀಯ ಉತ್ಪನ್ನವೊಂದು ತನ್ನ ಗ್ರಾಹಕನನ್ನು ನೇರವಾಗಿ ತಲುಪುವುದು ಬಹುಮಟ್ಟಿಗೆ ಆಗ ಮಾತ್ರ.

ರಟ್ಟೀಹಳ್ಳಿಯಲ್ಲಿ ಬೃಹತ್ ಸಮಾವೇಶಗಳ ಪರಂಪರೆ ಹೊಸದಲ್ಲವೆಂದು ವಾದಿಸುವ ಒಂದು ಪಂಥವಿದೆ. 1764ರ ಮೇ ತಿಂಗಳಲ್ಲಿ ಪೇಶ್ವೆ ಮಾಧವರಾಯನ ಪಡೆಗಳೂ ಹೈದರಾಲಿಯ ಪಡೆಗಳೂ ಇಲ್ಲಿ ಎದುರುಬದುರಾದುದನ್ನೂ, ಹೈದರನು ಸೋತು ಹಿಂದೆ ಸರಿದುದನ್ನೂ ಈ ಪಂಥದವರು ಎತ್ತಿ ತೋರಿಸಿ, ಎರಡು ದೊಡ್ಡ ನಿಯೋಗಗಳು ದೂರದಿಂದ ಬಂದು, ಬೇರೆಯವರ ಹೊಲದಲ್ಲಿ ಬೀಡುಬಿಟ್ಟು, ತಮ್ಮತಮ್ಮಲ್ಲೇ ವ್ಯವಹಾರ ಮುಗಿಸಿಕೊಂಡು ಹೊರಟುಹೋದ ಈ ಘಟನೆಯಲ್ಲಿ ಆಧುನಿಕ ಸಮಾವೇಶದ ಎಲ್ಲ ಬೀಜಗಳೂ ಇವೆಯೆನ್ನುತ್ತಾರೆ. ಹೊಲದ ಒಡೆಯರನ್ನು ಅಂದು ಯಾರೂ ಉದ್ದೇಶಿಸಿ ಮಾತನಾಡಲಿಲ್ಲವೆಂಬ ಒಂದೇ ವ್ಯತ್ಯಾಸವನ್ನು ಅವರು ಒಪ್ಪುತ್ತಾರೆ. ವಾದದಲ್ಲಿ ಚಮತ್ಕಾರವಿದೆಯೇ ಹೊರತು ಬಲವಿಲ್ಲ. ಆ ಕಾಲದಲ್ಲಿ ಸನ್ಮಾನ ಪಡೆಯಲು ಗೆಲ್ಲುವುದಾದರೂ ಬೇಕಿತ್ತು.

ಹೆಚ್ಚು ಗಟ್ಟಿಯಾದ ಪುರಾವೆ ದೊರೆಯುವುದು ಶಾಸನಗಳಲ್ಲಿ. ಊರಿನ ಕದಂಬೇಶ್ವರ ದೇವಾಲಯವು ಮೂರು ಗರ್ಭಗುಡಿಗಳುಳ್ಳ ತ್ರಿಕೂಟ. ಇಂಥ ಗುಡಿಗಳ ಅಂಗಳದಲ್ಲಿ ನಿಲ್ಲುವ ಮಧ್ಯಕಾಲದ ಕನ್ನಡ ದಾನಶಾಸನಗಳ ರಚನೆಯನ್ನು ಬಲ್ಲವರಿಗೆ ಇಂದಿನ ಆಹ್ವಾನಪತ್ರಿಕೆಯ ಮೂಲವನ್ನು ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ. ದಾನಶಾಸನದಲ್ಲಿ ಮೊದಲು ದೇವತಾಸ್ತುತಿ, ಅನಂತರ ಆಳುವ ಚಕ್ರವರ್ತಿಯ ಬಿರುದಾವಳಿ, ಅವನ ಕೆಳಗಿನ ಮಹಾಮಂಡಲೇಶ್ವರನ ಬಿರುದಾವಳಿ, ಅವನ ಕೆಳಗಿನ ಅಧಿಕಾರಿಯ ಬಿರುದಾವಳಿ ಎಂದು ಇಳಿಯುತ್ತ ಇಳಿಯುತ್ತ ಕಲ್ಲು ಮುಗಿಯುವ ಹೊತ್ತಿಗೆ ಇಷ್ಟು ಮತ್ತರು ಗದ್ದೆ ಬಿಟ್ಟುಕೊಟ್ಟರೆಂಬ ವಿಷಯ ಎರಡು ಸಾಲಿನಲ್ಲಿ ಬರುತ್ತದೆ. ಮತ್ತರು ಎಂಬುದು ಅಂದಿನ ಭೂಮಿಯ ಅಳತೆ. ಆಹ್ವಾನಪತ್ರಿಕೆಯೂ ಘನ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಂದು ಶಿಷ್ಟಾಚಾರದ ಮೆಟ್ಟಿಲುಗಳನ್ನು ಇಳಿದು, ಮಡಿಸಿದ ಕಾಗದದ ಕೊನೆಯ ಮಗ್ಗುಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಮೆಕ್ಕೆಜೋಳದಲ್ಲಿ ಸೈನಿಕ ಹುಳುವಿನ ಹತೋಟಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಶಾಸನದ ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವಿರುತ್ತದೆ. ಸಮಾವೇಶದಲ್ಲಿ ಕೊಟ್ಟ ಆಶ್ವಾಸನೆಗಳಿಗೆ ಅಂಥ ಯಾವ ರಕ್ಷಣೆಯನ್ನೂ ಒದಗಿಸಿಲ್ಲ.

ಸಮಾವೇಶದ ಪ್ರಾಣವು ಸನ್ಮಾನ. ಹಾವೇರಿಯ ಸನ್ಮಾನಕ್ಕೆ ಇತರ ಜಿಲ್ಲೆಗಳಿಗಿಲ್ಲದ ಒಂದು ವೈಶಿಷ್ಟ್ಯವಿದ್ದು, ಅದು ಏಲಕ್ಕಿ ಹಾರ. ಏಲಕ್ಕಿಯು ಈ ಬಯಲಿನ ಬೆಳೆಯಲ್ಲ. ಮಲೆನಾಡಿನಲ್ಲಿ ಬೆಳೆದದ್ದು ಹಿಂದೆ ಹದಗೊಳ್ಳಲೆಂದು, ಮಾರಾಟವಾಗಲೆಂದು ಹಾವೇರಿಗೆ ಬರುತ್ತಿದ್ದುದರಿಂದ ಹಾರದ ಕಸುಬು ಇಲ್ಲಿ ನೆಲೆನಿಂತಿತು, ಮತ್ತು ಇಂದು ಅದು ದಿಲ್ಲಿಯಿಂದ ಬಂದ ಕೊರಳುಗಳನ್ನೂ ಅಲಂಕರಿಸುತ್ತದೆ. ಇದರಿಂದ ಶಾಸ್ತ್ರಕಾರರು ಒಂದು ಸೂತ್ರವನ್ನು ಹೊರಡಿಸಿದ್ದಾರೆ: ಜಿಲ್ಲೆಯಲ್ಲಿ ಬೆಳೆಯದ ಬೆಳೆ ಗಣ್ಯರ ಕೊರಳಿಗೆ, ಬೆಳೆಯುವ ಬೆಳೆ ಗೋದಾಮಿಗೆ. ಮೆಕ್ಕೆಜೋಳದ ತೆನೆಯ ಹಾರವನ್ನು ಬಳಸಬಹುದಲ್ಲವೇ ಎಂಬ ಆಕ್ಷೇಪಕ್ಕೆ, ಅದರ ತೂಕವನ್ನು ಹೊತ್ತ ಅತಿಥಿಯು ಭಾಷಣವನ್ನು ಮೊಟಕುಗೊಳಿಸುವ ಸಂಭವವಿದೆಯೆಂಬ ಸಮಾಧಾನವನ್ನು ಕೊಡಲಾಗುತ್ತದೆ. ಇದು ಆಕ್ಷೇಪದ ಪರವಾದ ವಾದವೇ ಎಂದು ಟೀಕಾಕಾರರು ಗುರುತಿಸಿದ್ದಾರೆ. ಪ್ರಗತಿಪರ ರೈತನೆಂಬ ಪಾತ್ರವೂ ಇದೇ ಅಂಗಕ್ಕೆ ಸೇರಿದ್ದು. ಪ್ರಗತಿಪರ ರೈತನೆಂದರೆ ವೇದಿಕೆಗೆ ಕರೆಸಿಕೊಂಡ ರೈತ. ಅವನು ಶಾಲು, ಪೇಟ, ಫಲಪುಷ್ಪ, ಫಲಕ ಇವುಗಳನ್ನು ಕ್ರಮವಾಗಿ ಪಡೆದು, ಛಾಯಾಗ್ರಾಹಕನು ಇನ್ನೊಮ್ಮೆ ಎಂದಾಗ ಅವನ್ನು ಇನ್ನೊಮ್ಮೆ ಪಡೆದು, ಮೈಕಿನ ಕಡೆಗೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಸಮಯದ ಅಭಾವದಿಂದ ಕೆಳಗಿಳಿಯುತ್ತಾನೆ.

ಸಮಾವೇಶಗಳನ್ನು ಗಾತ್ರದ ಮೇಲೆ ವಿಂಗಡಿಸುವುದು ರೂಢಿ. ಎಲ್ಲಕ್ಕಿಂತ ಚಿಕ್ಕದು ರೈತ ಸಂಪರ್ಕ ಕೇಂದ್ರದ ಸಭೆ. 2000ದಿಂದೀಚೆಗೆ ಹೋಬಳಿಗೊಂದರಂತೆ ಹುಟ್ಟಿಕೊಂಡ ಈ ಕೇಂದ್ರಗಳಲ್ಲಿ ಬೀಜದ ಚೀಲಕ್ಕಾಗಿ ನಿಲ್ಲುವ ಸರದಿಯೇ ಸಭೆಯ ರೂಪವನ್ನು ತಾಳುತ್ತದೆ. ಎಲ್ಲಕ್ಕಿಂತ ದೊಡ್ಡದು, 1986ರಲ್ಲಿ ಸ್ಥಾಪಿತವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ಅಲ್ಲಿನ ಕೀಟ ಪ್ರದರ್ಶನಕ್ಕೆ ನೆರೆಯುವ ಜನಸಂದಣಿಯನ್ನು ನೋಡಿದವರಿಗೆ, ವರ್ಷವಿಡೀ ಹುಳುವಿನೊಡನೆಯೇ ಬಾಳುವವರು ಬಸ್ಸು ಹತ್ತಿ ಬಂದು ಗಾಜಿನ ಪೆಟ್ಟಿಗೆಯೊಳಗಿನ ಹುಳುವನ್ನು ಬೆರಗಿನಿಂದ ನೋಡುವುದೇಕೆ ಎಂಬ ಪ್ರಶ್ನೆ ಹುಟ್ಟದಿರದು. ಅದು ಅಲ್ಲಿ ಯಾರ ಬೆಳೆಯನ್ನೂ ತಿನ್ನುತ್ತಿಲ್ಲವೆಂಬುದೇ ಬೆರಗಿನ ಕಾರಣವಿರಬೇಕು.

ಇವೆರಡರ ನಡುವೆ ಬರುವ ಕ್ಷೇತ್ರೋತ್ಸವವು, ಎಂದರೆ ಬೀಜದ ಕಂಪನಿಯು ರೈತನೊಬ್ಬನ ಹೊಲದಲ್ಲಿಯೇ ಏರ್ಪಡಿಸುವ ಸಭೆಯು, ಹೆಚ್ಚಿನ ವಿಚಾರಣೆಗೆ ಯೋಗ್ಯವಾದುದು. ಈ ಸೀಮೆಗೂ ಬೀಜಕ್ಕೂ ಹಳೆಯ ನಂಟು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ, ಅದರ ಹಿಂದೆಯೇ ಬಂದ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಗಳು ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹೊಲಗಳನ್ನು ಆವರಿಸಿದವು. ರಾಣೆಬೆನ್ನೂರು, ಹಿರೇಕೆರೂರು ಕಡೆಗಳಲ್ಲಿ ಬೀಜೋತ್ಪಾದನೆಯೇ ಒಂದು ಕಸುಬಾಯಿತು. ಊರವರು ‘ಕ್ರಾಸಿಂಗ್’ ಎನ್ನುವ ಈ ಕಸುಬಿನಲ್ಲಿ, ಹೆಣ್ಣುಸಾಲಿನ ಮೊಗ್ಗುಗಳ ಕೇಸರಗಳನ್ನು ಹೆಂಗಸರು ಸಂಜೆಯ ಹೊತ್ತು ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂ ತಂದು ಅದರ ಪರಾಗವನ್ನು ಒಂದೊಂದಕ್ಕೂ ಸವರುತ್ತಾರೆ. ಒಂದನ್ನು ಇನ್ನೊಂದಕ್ಕೆ ತಾಗಿಸಿ ಫಲ ತರುವ ಕೆಲಸಕ್ಕೆ ನೆಟ್‌ವರ್ಕಿಂಗ್ ಎಂದು ಹೆಸರಿಡುವುದಾದರೆ ಈ ಸೀಮೆಯಲ್ಲಿ ಅದನ್ನು ಪೂರ್ಣಾರ್ಥದಲ್ಲಿ ಬಲ್ಲವರು ಈ ಹೆಂಗಸರೇ. ಕ್ಷೇತ್ರೋತ್ಸವದ ದಿನ ಅವರು ಪಕ್ಕದ ಹೊಲದಲ್ಲಿ ಕೂಲಿಗಿರುವುದರಿಂದ ಸಭೆಗೆ ಬರಲಾಗುವುದಿಲ್ಲ. ಸಭೆಯಲ್ಲಿ ಹಂಚುವ ಟೊಪ್ಪಿಗೆಯ ಮೇಲೂ, ರಸ್ತೆಯ ಬದಿಗೆ ನೆಟ್ಟ ಫಲಕದ ಮೇಲೂ ತಳಿಯ ಸಂಖ್ಯೆಯನ್ನು ದಪ್ಪನಾಗಿ ಬರೆದಿರುತ್ತಾರೆ. ಅದು ಬೀಜದ ಸಂಖ್ಯೆ. ಕಾಳಿನ ಧಾರಣೆಯ ಸಂಖ್ಯೆಗೆ ಫಲಕದಲ್ಲಿ ಜಾಗ ಉಳಿಯುವುದಿಲ್ಲ.

ಇಲ್ಲಿಗೆ ವೇದಿಕಾಶಾಸ್ತ್ರದ ಮುಖ್ಯ ಸಿದ್ಧಾಂತವು ಎದುರಾಗುತ್ತದೆ. ಮಣ್ಣಿನ ರಸಸಾರ, ಹನಿ ನೀರಾವರಿ, ಡ್ರೋನು, ಮೌಲ್ಯವರ್ಧನೆ, ರಫ್ತು ಅವಕಾಶ ಇವೆಲ್ಲವನ್ನೂ ಕುರಿತು ನಿರರ್ಗಳವಾಗಿ ಹರಿಯುವ ವಾಣಿಯು, ಈ ಹಂಗಾಮಿನಲ್ಲಿ ಕ್ವಿಂಟಲಿಗೆ ಎಷ್ಟು ಸಿಗುತ್ತದೆಂಬ ಪ್ರಶ್ನೆಯೆದುರು ಸ್ತಂಭಿತವಾಗುವುದಕ್ಕೆ ಧಾರಣಾಮೌನವೆಂದು ಹೆಸರು. ಸುದ್ದಿ ಸಿಗದಿರುವುದರಿಂದ ಈ ಮೌನ ಹುಟ್ಟಿತೆನ್ನಲು ಬಾರದು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳೆದ ಸೀಮೆಯಿದು. ರೇಡಿಯೋದಲ್ಲಿ ಪೇಟೆ ಧಾರಣೆ ಓದುವಾಗ ಕನಿಷ್ಠ, ಗರಿಷ್ಠ ಎಂಬ ಎರಡು ಪದಗಳ ನಡುವಿನ ಕಂದಕವನ್ನು ಅಳೆಯುತ್ತ ಕೂತವರ ಮಕ್ಕಳು ಈಗ ಅದನ್ನು ವಾಟ್ಸಾಪಿನಲ್ಲಿ ಅಳೆಯುತ್ತಾರೆ. 2014ರಲ್ಲಿ ರಾಜ್ಯವು ಏಕೀಕೃತ ಮಾರುಕಟ್ಟೆಯ ಕಂಪ್ಯೂಟರ್ ಜಾಲವನ್ನು ಆರಂಭಿಸಿತು. 2016ರ ಏಪ್ರಿಲ್ 14ರಂದು ಕೇಂದ್ರವು ಇ-ನಾಮ್ ಎಂಬ ರಾಷ್ಟ್ರೀಯ ಜಾಲವನ್ನು ಆರಂಭಿಸಿತು. ದನದ ಪೇಟೆಯಲ್ಲಿ ದಲಾಲಿಯು ಟವೆಲಿನ ಮರೆಯಲ್ಲಿ ಗಿರಾಕಿಯ ಬೆರಳು ಹಿಡಿದು, ಇಷ್ಟು ಬೆರಳಿಗೆ ಇಷ್ಟು ರೂಪಾಯಿ ಎಂಬ ಸಂಕೇತದಲ್ಲಿ ದರ ಕುದುರಿಸುತ್ತಿದ್ದ ಕಾಲಕ್ಕೂ, ಖರೀದಿದಾರನು ಪರದೆಯ ಮೇಲೆ ದರ ನಮೂದಿಸಿ ಟೆಂಡರ್ ಹಾಕುವ ಕಾಲಕ್ಕೂ ಅಗಾಧ ಅಂತರವಿದೆಯೆಂದು ಪ್ರತಿ ಸಮಾವೇಶದಲ್ಲಿಯೂ ಸಾರಲಾಗುತ್ತದೆ. ಅಂತರವಿರುವುದು ನಿಜ. ಆಗ ಬೆರಳು ಎಷ್ಟೆಂದು ಕಾಣುತ್ತಿರಲಿಲ್ಲ. ಈಗ ಎಷ್ಟೆಂದು ಕಾಣುತ್ತದೆ, ಯಾಕೆ ಅಷ್ಟೇ ಎಂಬುದು ಕಾಣುವುದಿಲ್ಲ.

ಬ್ಯಾಡಗಿಯ ಉದಾಹರಣೆಯನ್ನು ಇಲ್ಲಿ ಬಿಡುವಂತಿಲ್ಲ. ಕಡ್ಡಿ, ಡಬ್ಬಿ ಎಂಬ ಬಗೆಗಳುಳ್ಳ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದು, ಅದರ ಬಣ್ಣವು ಓಲಿಯೋರೆಸಿನ್ ರೂಪದಲ್ಲಿ, ಅಂದರೆ ಕಾಯಿಯಿಂದ ಬೇರ್ಪಡಿಸಿದ ಸಾರದ ರೂಪದಲ್ಲಿ, ಹೊರದೇಶಗಳ ಆಹಾರ ಮತ್ತು ಪ್ರಸಾಧನ ಸಾಮಗ್ರಿಗಳನ್ನು ಸೇರಿದೆಯೆಂಬುದು ಸಮಾವೇಶಗಳ ಅಚ್ಚುಮೆಚ್ಚಿನ ಪ್ರಸಂಗ. ಅದೇ ಬ್ಯಾಡಗಿಯ ಪೇಟೆಯಲ್ಲಿ 2024ರ ಮಾರ್ಚ್ 11ರಂದು, ದರ ದಿಢೀರನೆ ಕುಸಿದುದರಿಂದ ರೊಚ್ಚಿಗೆದ್ದ ರೈತರು ಎಪಿಎಂಸಿಯ ಆಡಳಿತ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದ ಪ್ರಸಂಗವನ್ನು ಯಾವ ಗೋಷ್ಠಿಯ ಯಾವ ಶೀರ್ಷಿಕೆಯಡಿಯಲ್ಲಿ ಸೇರಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ; ‘ಸಂವಾದ’ ಎಂಬ ಶೀರ್ಷಿಕೆಯು ಸಾಮಾನ್ಯವಾಗಿ ಖಾಲಿ ಇರುತ್ತದೆಂಬುದನ್ನು ಮಾತ್ರ ಇಲ್ಲಿ ಸೂಚಿಸಬಹುದು. ಮೆಕ್ಕೆಜೋಳದ ಕತೆ ಇನ್ನೂ ಹತ್ತಿರದ್ದು. 2025-26ಕ್ಕೆ ಕೇಂದ್ರವು ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ. ಕೊಯ್ಲಿನ ಹೊತ್ತಿಗೆ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ನವೆಂಬರಿನಲ್ಲಿ ಹಾವೇರಿ ಜಿಲ್ಲೆಯ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಬೆಂಬಲ ಬೆಲೆಯೆಂದರೆ ಅದಕ್ಕಿಂತ ಕೆಳಗೆ ಧಾರಣೆ ಇಳಿಯದಂತೆ ಸರ್ಕಾರ ಕಟ್ಟಿದ ಕಟ್ಟೆಯೆಂದು ಪಠ್ಯಪುಸ್ತಕಗಳು ವಿವರಿಸುತ್ತವೆ. ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಅದು ಕಟ್ಟೆ.

ಬೆಂಗಳೂರಿನ ಅಂತರರಾಷ್ಟ್ರೀಯ ಸಿರಿಧಾನ್ಯ ಮೇಳದಂಥ ಮಹಾಸಭೆಗಳನ್ನು ವಿವರಿಸಲು ಈ ಪ್ರವೇಶಿಕೆಯಲ್ಲಿ ಅವಕಾಶವಿಲ್ಲ. ನಾಲ್ಕೂರಿನ ಹೊಲಗಳಿಂದ ಮೆಕ್ಕೆಜೋಳವು ಹೊರದಬ್ಬಿದ ಸಾವೆ ನವಣೆಗಳು ಅಲ್ಲಿ ಚಂದದ ಡಬ್ಬಿಗಳಲ್ಲಿ ಕೂತಿರುತ್ತವೆ ಎಂದರೆ ಸಾಕು.

ಹಾಗಾದರೆ ವೇದಿಕೆಯ ಮೇಲೆ ಬಾಯಿಬಿಡದ ಧಾರಣೆಯ ಒಳಸುದ್ದಿ ಯಾವ ದಾರಿಯಿಂದ ಸಂಚರಿಸುತ್ತದೆ? ಉತ್ತರವು ಹೋರಿ ಹಬ್ಬದಲ್ಲಿದೆ. ದೀಪಾವಳಿಯಿಂದಾಚೆಗೆ ಈ ಭಾಗದ ಊರೂರುಗಳಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಜನಸಂದಣಿಯ ನಡುವೆ ಓಡಿಸುತ್ತಾರೆ. ಕೊಬ್ಬರಿ ಹರಿದವರು ಗೆದ್ದರು, ಹರಿಯಗೊಡದ ಹೋರಿ ಗೆದ್ದಿತು. ಶಿಕಾರಿಪುರ, ಸೊರಬ, ಹಾನಗಲ್ಲು, ಬ್ಯಾಡಗಿಗಳಿಂದ ಹೋರಿ ತಂದವರೂ ನೋಡಬಂದವರೂ ಬೇಲಿಯ ಗಳಕ್ಕೆ ಆತುಕೊಂಡು, ಎರಡು ಹೋರಿಗಳ ನಡುವಿನ ಬಿಡುವಿನಲ್ಲಿ, ಯಾವ ಅಡತಿಯವನು ತೂಕದಲ್ಲಿ ಎಷ್ಟು ಸೂಟು ಮುರಿಯುತ್ತಾನೆ, ತೇವಾಂಶದ ಹೆಸರಿನಲ್ಲಿ ಯಾರು ಎಷ್ಟು ಇಳಿಸಿದರು, ಕೋಳಿ ಆಹಾರದ ಲಾರಿ ಯಾವ ಊರಿಗೆ ಬಂದು ಯಾವ ದರಕ್ಕೆ ತುಂಬಿತು, ದುಡ್ಡು ಕೈಗೆ ಬಂತೋ ಚೀಟಿ ಬಂತೋ ಎಂಬುದನ್ನೆಲ್ಲ ಹಂಚಿಕೊಳ್ಳುತ್ತಾರೆ. ಅಡತಿಯೆಂದರೆ ದಲಾಲಿ ಮಂಡಿ, ಸೂಟೆಂದರೆ ತೂಕದಲ್ಲಿ ಮುರಿದುಕೊಳ್ಳುವ ಭಾಗ. ಈ ಗೋಷ್ಠಿಗೆ ಅಧ್ಯಕ್ಷರಿಲ್ಲ, ನಿರೂಪಕರಿಲ್ಲ, ವರದಿಯಿಲ್ಲ. ವಿದ್ವಾಂಸರು ಇದನ್ನು ಸಮಾವೇಶವೆಂದು ಮಾನ್ಯ ಮಾಡಲು ಹಿಂಜರಿಯುವುದು ಆ ಕಾರಣಕ್ಕೇ.

ಉಳಿದಿರುವುದು ವಂದನಾರ್ಪಣೆಯ ಸಮಸ್ಯೆ. ವಂದನಾರ್ಪಣೆಯನ್ನು ಯಾರಾದರೂ ಕೇಳಿದ್ದುಂಟೇ ಎಂಬ ವಿಷಯದಲ್ಲಿ ಶಾಸ್ತ್ರಕಾರರು ಎರಡು ಪಕ್ಷವಾಗಿದ್ದಾರೆ. ಅದು ಆರಂಭವಾಗುವ ಹೊತ್ತಿಗೆ ಸಭಿಕರು ಗೋಧಿಹುಗ್ಗಿಯ ಸರದಿಯಲ್ಲಿಯೂ ಗಣ್ಯರು ಕಾರಿನಲ್ಲಿಯೂ ಇರುವುದರಿಂದ ಅದು ಆಕಾಶಕ್ಕೆ ಸಲ್ಲುವ ವಾಕ್ಯವೆಂಬುದು ಪೂರ್ವಪಕ್ಷ. ಧ್ವನಿವರ್ಧಕದವನು ತನ್ನ ಮೈಕನ್ನು ಮರಳಿ ಪಡೆಯಲು ಕಾದು ನಿಂತಿರುತ್ತಾನಾದ್ದರಿಂದ ಒಬ್ಬ ಕೇಳುಗನು ನಿಶ್ಚಯವಾಗಿಯೂ ಇರುತ್ತಾನೆಂಬುದು ಸಿದ್ಧಾಂತ. ಅವನಿಗೂ ಊರ ಹೊರಗೆ ಎರಡೆಕರೆ ಮೆಕ್ಕೆಜೋಳವಿರುವುದು ಈ ಸೀಮೆಯಲ್ಲಿ ಅಸಹಜವಲ್ಲ. ಅಂಥವನೊಬ್ಬನು ವೈರು ಸುತ್ತುತ್ತ ‘ರೇಟ್ ಏನಾಗಬಹುದ್ರೀ ಸರ?’ ಎಂದು ಕೇಳಿದ ಪಕ್ಷದಲ್ಲಿ, ಆ ವಿಷಯವನ್ನು ಮಧ್ಯಾಹ್ನದ ಗೋಷ್ಠಿಗೆ ಇರಿಸಿಕೊಳ್ಳಲಾಗಿದೆಯೆಂಬ ಉತ್ತರವನ್ನು ಶಾಸ್ತ್ರವು ವಿಧಿಸುತ್ತದೆ. ಮಧ್ಯಾಹ್ನದ ಗೋಷ್ಠಿಯು ಸಭಿಕರ ಕೊರತೆಯಿಂದ ಮುಂದೂಡಲ್ಪಡುತ್ತದೆ.