ವಯಸ್ಸು ಮೀರಿದ ಆಲ್ಟೊ

(ಮಾಸ್ತಿ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿ. ಹಳೇ ಕಾರಿನ ಬ್ರೋಕರ್. ನರಸಾಪುರದ ಕಾರ್ಖಾನೆಯೊಂದರ ನೌಕರ.)

‘ಅಣ್ಣಾ, ಐದು ವರ್ಷ ದಾಟದ ಕಾರು ಬೇಕು. 2022ಕ್ಕಿಂತ ಹಿಂದೆ ತಯಾರಾಗಿದ್ರೆ ಕಂಪನಿ ಪೆಟ್ರೋಲ್ ಭತ್ಯೆ ಕೊಡಲ್ಲ.’

‘ನಿನ್ನ 2012ರ ಆಲ್ಟೊಗೆ ಏನಾಗಿದೆಯಪ್ಪಾ?’

‘ಏನೂ ಆಗಿಲ್ಲ, ಅದೇ ತೊಂದರೆ. ಕೆಟ್ಟು ನಿಂತಿದ್ರೆ ಮನೆಯವಳನ್ನಾದ್ರೂ ಒಪ್ಪಿಸ್ತಿದ್ದೆ.’

‘ಸರ್ಕಾರವೇ ಸ್ವಂತ ಕಾರಿಗೆ 15 ವರ್ಷ ನೋಂದಣಿ ಕೊಡುತ್ತೆ. ಆಮೇಲೆ ಎಫ್‌ಸಿ ಮಾಡಿಸಿದ್ರೆ ಇನ್ನೈದು ವರ್ಷ.’

‘ಎಚ್‌ಆರ್ ಮೇಡಂ ಕಂಪನಿಯ ಇಮೇಜ್ ಅಂತಾರೆ.’

‘ಸರಿ, ಇದು ನೋಡು. 2022 ಜನವರಿ ನೋಂದಣಿ.’

‘ಆರ್‌ಸಿಯಲ್ಲಿ ತಯಾರಿಕೆ 2021 ನವೆಂಬರ್ ಅಂತಿದೆ!’

‘ಎರಡು ತಿಂಗಳು ಶೋರೂಮಲ್ಲಿ ಕೂತಿತ್ತು. ಓಡದೇ ಮುದಿಯಾಯ್ತು ಅನ್ನು!’

‘ಹಾಗಾದ್ರೆ ಹೊಸದೇ ತಗೋತೀನಿ. ಏಳು ವರ್ಷದ ಸಾಲ ಸಿಗುತ್ತೆ.’

‘ಐದಕ್ಕೆ ಕಾರು ರಿಟೈರ್, ಏಳರವರೆಗೆ ಕಂತು. ಭೇಷ್! ಅಲ್ಲಪ್ಪಾ, ನಮ್ಮೂರ ಮಾಸ್ತಿಯವರಿಗೆ ತೊಂಬತ್ತು ದಾಟಿದ ಮೇಲೆ 1983ರ ಜ್ಞಾನಪೀಠ ಬಂತು. ನಿಮ್ಮ ಮೇಡಂ ಆಯ್ಕೆ ಸಮಿತಿಯಲ್ಲಿದ್ದಿದ್ರೆ ಗೇಟಲ್ಲೇ ತಡೀತಿದ್ರು! ಅವರು ಯಾವುದರಲ್ಲಿ ಬರ್ತಾರೆ?’

‘ಕಂಪನಿ ಬಸ್ಸಲ್ಲಿ.’

‘ಅದಕ್ಕೆಷ್ಟು ವಯಸ್ಸು?’

‘ಹದಿಮೂರು. ಆದ್ರೆ ಅದು ಗುತ್ತಿಗೆದಾರನದು, ಪಾಲಿಸಿಗೆ ಬರಲ್ಲ.’

(ಬ್ರೋಕರ್ ಇನ್ನೊಂದು ಟೀ ಹೇಳಿದ. ಲೆಕ್ಕ ನೌಕರನದು.)