ಮಾಂಜ್ರಾ ತಾಯಿಯವರ ಸನ್ನಿಧಿಗೆ: ನಿಯಮಾನುಸಾರ ಪ್ರವಾಹವನ್ನು ಕುರಿತು

ಮಾತೋಶ್ರೀ ಮಾಂಜ್ರಾ ತಾಯಿಯವರ ಸನ್ನಿಧಿಗೆ ಬೀದರ ನಗರನಿವಾಸಿಯೊಬ್ಬನ ಬಿನ್ನಹ.

ತಾವು ಬೀಡ ಜಿಲ್ಲೆಯ ಬಾಲಾಘಾಟದ ಗುಡ್ಡಗಳಲ್ಲಿ ಜನಿಸಿ, ಲಾತೂರಿನ ಸೀಮೆಯನ್ನು ಹಾದು, ನಮ್ಮ ಭಾಲ್ಕಿ, ಔರಾದ ತಾಲೂಕುಗಳ ಎರೆಭೂಮಿಯನ್ನು ಬಳಸಿಕೊಂಡು ತೆಲಂಗಾಣಕ್ಕಿಳಿದು, 724 ಕಿಲೋಮೀಟರುಗಳ ಪಯಣವನ್ನು ಮುಗಿಸಿ ಗೋದಾವರಿಯನ್ನು ಸೇರುವಿರಾದರೂ, ಈ ದೀರ್ಘ ಸಂಚಾರದಲ್ಲಿ ಎಲ್ಲಿಯೂ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯನ್ನು ಓದಿಸಿ ಕೇಳಿದಂತೆ ತೋರುವುದಿಲ್ಲ. ಕೋಟೆಯ ಎತ್ತರದಲ್ಲಿ, ಜಂಬಿಟ್ಟಿಗೆಯ ನೆಲದ ಮೇಲೆ ಮನೆ ಮಾಡಿಕೊಂಡು, ಪಾದಕ್ಕೆ ತೇವ ತಗುಲದಂತೆ ಕುಳಿತಿರುವ ನನ್ನಂಥವನಿಗಲ್ಲದೆ ತಮಗೆ ಬುದ್ಧಿ ಹೇಳುವ ಅರ್ಹತೆ ಇನ್ನಾರಿಗಿದ್ದೀತು?

ನಮ್ಮದು ಬರದ ಜಿಲ್ಲೆಯೆಂಬುದು ಬಹುಕಾಲದಿಂದ ಸ್ಥಿರಪಟ್ಟ ಸತ್ಯ. 15ನೆಯ ಶತಮಾನದಲ್ಲಿ ಬಹಮನಿ ಅರಸರು ನೌಬಾದಿನ ಬಳಿ ನೆಲದೊಳಗೆ ಕರೇಜ್ ಸುರಂಗವನ್ನು ಕೊರೆಯಿಸಿದ್ದು ನೀರನ್ನು ಅರಸಿಯೇ ಹೊರತು ನೀರಿಗೆ ಅಂಜಿಯಲ್ಲ. ಹೀಗಿರಲು 2016ರಲ್ಲಿ ತಾವು ನಡೆದುಕೊಂಡ ಬಗೆಯನ್ನು ಸ್ಮರಿಸಿರಿ. ಆ ಏಪ್ರಿಲಿನಲ್ಲಿ ತಮಗೆ ಅಡ್ಡಲಾಗಿ ಕಟ್ಟಿದ ಧನೇಗಾಂವದ ಜಲಾಶಯ ಬರಿದಾಗಿ, ಲಾತೂರಿನ ಜನರಿಗೆ ಕುಡಿಯುವ ನೀರನ್ನು ಮೀರಜಿನಿಂದ ರೈಲಿನಲ್ಲಿ ಸಾಗಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ತಾವು ದಡ ಮೀರಿ ಹೊಲಗಳಿಗೆ ನುಗ್ಗಿದಿರಿ. ಫಸಲ್ ಬಿಮಾ ಯೋಜನೆಗೆ ಅದು ಮೊದಲನೆಯ ಮುಂಗಾರು. ಹೊಸದಾಗಿ ಮನೆಗೆ ಬಂದವರನ್ನು ಇದಿರ್ಗೊಳ್ಳುವ ರೀತಿಯೇ ಅದು? ರಾಜಸ್ಥಾನದ ಬಾಡಮೇರಿನಂಥ ಅಪ್ಪಟ ಮರುಭೂಮಿಯಲ್ಲಿ, 2006ರ ಆಗಸ್ಟಿನಲ್ಲಿ ಕವಾಸ್ ಎಂಬ ಗ್ರಾಮ ಮುಳುಗಿ, ಮರಳಿನ ಕೆಳಗಿದ್ದ ಜಿಪ್ಸಮಿನ ಪದರ ನೀರನ್ನು ಇಂಗಗೊಡದೆ ಹಿಡಿದಿಟ್ಟಿತೆಂಬ ನಿದರ್ಶನವನ್ನು ತಾವು ಮುಂದೊಡ್ಡಬಹುದು. ಅನ್ಯರ ದುರ್ನಡತೆ ತಮಗೆ ಸಮರ್ಥನೆಯಾಗದು.

ಇನ್ನು ನಿಯಮಗಳ ವಿಚಾರ. ರೈತನು ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ಬಿಮಾ ಮೊತ್ತದ ಶೇಕಡಾ 2ರಷ್ಟು ಕಂತನ್ನು ಕಟ್ಟುವನು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಬಿಮೆಯ ಘಟಕ. ಹಿಂದಿನ ಏಳು ವರ್ಷಗಳ ಪೈಕಿ ಉತ್ತಮವಾದ ಐದರ ಇಳುವರಿಯ ಸರಾಸರಿಯನ್ನು ತೆಗೆದು, ಅದರಲ್ಲಿಯೂ ಒಂದಂಶವನ್ನು ಕಳೆದು, ಅದಕ್ಕಿಂತ ಈ ವರ್ಷದ ಸರಾಸರಿ ಎಷ್ಟು ಕಡಿಮೆಯೆಂದು ನೋಡಿ ಪರಿಹಾರ ಕೊಡುವುದು ಪದ್ಧತಿ. ಅಂದರೆ ಏಳು ವರ್ಷಗಳಲ್ಲಿ ಬರ ತಿಂದುಳಿಸಿದ್ದೇ ನಮ್ಮ ಅಳತೆಗೋಲು. ತಾವು ಕೊಚ್ಚಿಕೊಂಡು ಹೋದ ಮೇಲೆ ಉಳಿದದ್ದು ಅದಕ್ಕಿಂತಲೂ ಕೆಳಗಿರಬೇಕು. ದಡದ ಹೊಲಗಳನ್ನು ಮಾತ್ರ ಮುಳುಗಿಸಿ, ದಿನ್ನೆಯ ಮೇಲಿನ ತೊಗರಿಯನ್ನು ಹಸನಾಗಿ ಬಿಟ್ಟು ಹೋಗುವ ತಮ್ಮ ಅಭ್ಯಾಸದಿಂದ ಪಂಚಾಯಿತಿಯ ಸರಾಸರಿ ಕೆಡದೆ ಉಳಿದು, ದಡದವನಿಗೆ ದಕ್ಕುವುದೇನೂ ಇಲ್ಲವಾಗುತ್ತದೆ. ಜಲಾವೃತವಾದ ಹೊಲವನ್ನು ಪ್ರತ್ಯೇಕವಾಗಿ ಎಣಿಸುವ ಕಲಮೊಂದು ಉಂಟು, ನಿಜ. ಬಾಧಿತ ಪ್ರದೇಶವು ಘಟಕದಲ್ಲಿ ಬಿಮೆಗೊಳಪಟ್ಟ ಆ ಬೆಳೆಯ ಕ್ಷೇತ್ರದ ಶೇಕಡಾ 25ನ್ನು ಮೀರಿದರೆ ಅರ್ಹರೆಲ್ಲರೂ ಬಾಧಿತರೆಂದೇ ಗಣನೆ. ಆದುದರಿಂದ ಬರುವುದಾದರೆ ಧಾರಾಳವಾಗಿ ಬನ್ನಿರಿ. ಶೇಕಡಾ 24ರಲ್ಲಿ ನಿಲ್ಲುವುದು ಘನತೆಗೆ ತಕ್ಕುದಲ್ಲ.

ಹಾನಿಯಾದ 72 ಗಂಟೆಗಳೊಳಗೆ ರೈತನು ವರದಿ ಕೊಡಬೇಕು. ಬಳಿಕ 48 ಗಂಟೆಗಳಲ್ಲಿ ಸರ್ವೇಯರನ ನೇಮಕ, ಅನಂತರ ಹತ್ತು ದಿನಗಳಲ್ಲಿ ಪರಿಶೀಲನೆ. 2025ರ ಮಳೆಗಾಲದಲ್ಲಿ ಧನೇಗಾಂವದಿಂದ ಬಿಟ್ಟ ನೀರು ಬಂದಾಗ ಭಾಲ್ಕಿ ತಾಲೂಕಿನಲ್ಲಿರುವ ನಮ್ಮ ಭಾವನವರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲನ್ನು ಕಿವಿಗೊತ್ತಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ನಿಂತು, ಅತ್ತಲಿನ ಧ್ವನಿಮುದ್ರಿಕೆಗೆ ಸೋಯಾದ ಸರ್ವೇ ನಂಬರನ್ನು ಒಪ್ಪಿಸುತ್ತಿದ್ದರು. ನೀರಿರುವಾಗ ದಾರಿಯಿಲ್ಲವಾದ್ದರಿಂದ ಸರ್ವೇಯರನು ಬರಲಿಲ್ಲ, ದಾರಿ ಒಣಗಿದ ಮೇಲೆ ಬಂದವನು ಬದುವಿನ ಮೇಲೆ ನಿಂತು, "ನೀರೆಲ್ಲಿದೆ ಯಜಮಾನ್ರೇ?" ಎಂದು ಕೇಳಿದನು. ಭಾವನವರು ಮಾತಾಡದೆ ಒಂದು ಕಾಯಿಯನ್ನು ಬಿಡಿಸಿ ಅಂಗೈಯಲ್ಲಿಟ್ಟರು. ಗಿಡದಲ್ಲಿದ್ದಂತೆಯೇ ಕಾಳು ಮೊಳೆತು, ಸಿಪ್ಪೆಯ ಮೇಲೆ ಕಪ್ಪು ಬೂಷ್ಟು ಹಿಡಿದಿತ್ತು. ಅವನು ಫೋಟೋ ತೆಗೆದುಕೊಂಡನು. ಇನ್ನು ಮುಂದೆ ಸರ್ವೇಯರನು ಬಂದು ಹೋಗುವವರೆಗೆ ತಾವು ಹೊಲದಲ್ಲಿಯೇ, ಆದರೆ ಅವನ ಬೂಟು ನೆನೆಯದಷ್ಟು ಆಳದಲ್ಲಿ, ತಂಗಿರಬೇಕೆಂದು ಪ್ರಾರ್ಥನೆ.

ಕೊಯ್ದು ಹೊಲದಲ್ಲಿ ಹರಡಿದ ಫಸಲಿಗೆ 14 ದಿನಗಳವರೆಗೆ ಚಂಡಮಾರುತದ ಮಳೆ, ಅಕಾಲಿಕ ಮಳೆ ಮತ್ತು ಆಲಿಕಲ್ಲುಗಳಿಂದ ರಕ್ಷಣೆಯಿದೆ. ನದಿಯ ಹೆಸರು ಆ ಯಾದಿಯಲ್ಲಿಲ್ಲ. ಆ ದಿನಗಳಲ್ಲಿ ಬರಲೇಬೇಕಾದರೆ ನದೀರೂಪವನ್ನು ತ್ಯಜಿಸಿ ಮೇಘರೂಪದಲ್ಲಿ ಬರುವುದು ಉಚಿತ. ಕಬ್ಬಿನ ಗದ್ದೆಗಳ ವಿಷಯದಲ್ಲಿ ತಮಗೆ ಪೂರ್ಣ ಸ್ವಾತಂತ್ರ್ಯ: ಭತ್ತ, ಸೆಣಬು, ಕಬ್ಬುಗಳು ಜಲಪ್ರಿಯ ಬೆಳೆಗಳೆಂದು 2018ರಲ್ಲಿ ನಿರ್ಣಯವಾಗಿ, ಜಲಾವೃತದ ಕಲಮಿನಿಂದ ಹೊರಬಿದ್ದುವು. ಪ್ರೀತಿಸಿದವರಿಂದ ಸತ್ತರೆ ಪರಿಹಾರವೆಲ್ಲಿಯದು? ಭತ್ತವನ್ನು 2026ರ ಮುಂಗಾರಿನಿಂದ ಮರಳಿ ಸೇರಿಸುವುದಾಗಿ ಕೇಂದ್ರ ಸರ್ಕಾರ ಸಾರಿದೆ. ಭತ್ತ ಅಪರೂಪವಾದ ನಮ್ಮ ಸೀಮೆ ಅದಕ್ಕಾಗಿ ಪರಮಾನಂದಪಟ್ಟಿದೆ.

ಬಿಮಾ ದೊರೆಯದವನಿಗೆ ವಿಪತ್ತು ಪರಿಹಾರ ನಿಧಿಯುಂಟಷ್ಟೆ. ಅಲ್ಲಿಯೂ ಶೇಕಡಾ 33ರಷ್ಟಾದರೂ ಬೆಳೆ ನಾಶವಾಗಿರಬೇಕು; ಆಗ ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. 2025ರಲ್ಲಿ ರಾಜ್ಯ ಸರ್ಕಾರ ಇನ್ನೊಂದು 8,500ನ್ನು ಕೂಡಿಸಿದುದನ್ನು ಕೃತಜ್ಞತೆಯಿಂದ ನೆನೆಯಬೇಕು. ತಾವು ಬಿಟ್ಟುಹೋಗುವ ಹೂಳನ್ನು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿಗಳ ಏರ್ಪಾಡಿದೆ, ಆದರೆ ಅದರ ದಪ್ಪ ಮೂರು ಅಂಗುಲವನ್ನು ಮೀರಿರಬೇಕು. ಎರಡೂಮುಕ್ಕಾಲು ಅಂಗುಲ ಹೂಳು ಹರಡಿ ಬಡವನ ಹೊಟ್ಟೆಯ ಮೇಲೆ ಹೊಡೆಯಬೇಡಿರಿ. ಹಾಸುವುದಾದರೆ ಮನಸ್ಸಿಟ್ಟು ಹಾಸಿರಿ. ಎರೆಮಣ್ಣನ್ನು ಹೊತ್ತೊಯ್ಯುವ ಮುನ್ನ ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡಿಕೊಂಡರೆ ಇನ್ನೂ ಉತ್ತಮ; ಪಾಲಿಗೆ ಮಾಡಿದವನದು ಬೆಳೆಯೇ ಆದರೂ ಕಾಗದದಲ್ಲಿ ಅವನಿರುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಉಪನದಿಯಾದ ಕಾರಂಜೆಗೂ ಕಳುಹಿಸಿದ್ದೇನೆ. ಬ್ಯಾಲಹಳ್ಳಿಯ ಅಣೆಕಟ್ಟೆಯ ಹಿಂದೆ ಬಹುಕಾಲದಿಂದ ಸರ್ಕಾರಿ ಗೇಟುಗಳ ಸಹವಾಸದಲ್ಲಿರುವುದರಿಂದ ಆಕೆಗೆ ಅರ್ಜಿಯ ಭಾಷೆ ತಿಳಿದೀತು. ತಮಗೆ ಅರ್ಥವಾಗದ ಕಲಮುಗಳನ್ನು, ಮುಂದಿನ ಮುಂಗಾರಿಗೆ ಮೊದಲು, ಆಕೆಯನ್ನು ಕೇಳಿ ತಿಳಿದುಕೊಳ್ಳಬಹುದು.

ಇತಿ ವಿಧೇಯ,
ಬೀದರ ನಗರದ ಒಣನೆಲದವನು